'ಊಟ ಆಯ್ತಾ?' ಅಂದರೆ ನೋಡುವವರು ಹೆದರಬೇಕು

ಪ್ರಶ್ನೆ: ನಾನು ಕುಮಟಾದವನು, ಬಿ.ಕಾಂ. ಕೊನೆಯ ವರ್ಷ. ಸಿನಿಮಾ ದೃಶ್ಯಗಳನ್ನು ಕತ್ತರಿಸಿ ನನ್ನದೇ ಟ್ರೈಲರ್ ಮಾಡುವ ಹುಚ್ಚು ಹತ್ತಿದೆ. ಒಂದು ಹಳೆ ಸಂಸಾರದ ಹಾಸ್ಯ ಸಿನಿಮಾವನ್ನು ದೆವ್ವದ ಸಿನಿಮಾ ಹಾಗೆ ತೋರಿಸಲು ಹೋದೆ. ಇನ್ನೊಂದರಲ್ಲಿ ಎರಡು ಬೇರೆ ಸಿನಿಮಾಗಳ ನಾಯಕರನ್ನು ಎದುರುಬದುರು ನಿಲ್ಲಿಸಿದೆ. ಎರಡೂ ಬರೀ ತುಣುಕು ಅಂಟಿಸಿದ ಹಾಗೆ ಕಾಣುತ್ತವೆ. ನೀಲಿ ಬಣ್ಣ ಹಾಕಿದೆ, ಎಫೆಕ್ಟ್ ಹಾಕಿದೆ, ಆದರೂ ಗೆಳೆಯರು ನಗುತ್ತಾರೆ. ಮೇಲಿಂದ ಯೂಟ್ಯೂಬಿನಲ್ಲಿ ಕಾಪಿರೈಟ್ ಕ್ಲೇಮ್ ಬಂತು. ಲ್ಯಾಪ್‌ಟಾಪಿನಲ್ಲಿ 8 ಜಿಬಿ ರ್‍ಯಾಮ್ ಇದೆ. ಎಡಿಟ್ ಮಾಡುವಾಗ ಸಿಕ್ಕಿಸಿಕ್ಕಿ ಓಡುತ್ತದೆ. ದುಡ್ಡು ಕೊಟ್ಟು ಸಾಫ್ಟ್‌ವೇರ್ ತಗೊಳ್ಳಬೇಕಾ ಸರ್? ಎಲ್ಲಿ ತಪ್ಪುತ್ತಿದ್ದೇನೆ?

ಉತ್ತರ: ನಿಮ್ಮ ಎರಡೂ ವಿಡಿಯೊ ನೋಡಿದೆ. ದೆವ್ವದ್ದನ್ನು ಎರಡು ಸಲ. ಒಂದು ಸಲ ಕಣ್ಣು ಬಿಟ್ಟು, ಇನ್ನೊಂದು ಸಲ ಕಣ್ಣು ಮುಚ್ಚಿ ಬರೀ ಕೇಳಿದೆ. ಕಣ್ಣು ಮುಚ್ಚಿದಾಗ ಕಳ್ಳ ಸಿಕ್ಕಿಬಿದ್ದ. ಕೇಳುವವನಿಗೆ ನಿಮ್ಮ ಟ್ರೈಲರ್ ಇನ್ನೂ ಹಾಸ್ಯ ಸಿನಿಮಾವೇ. ಮಾತಿನ ಹಿಂದೆ ಮೂಲ ಸಿನಿಮಾದ ಕ್ಲಾರಿನೆಟ್ ಕುಣಿಯುತ್ತಲೇ ಇದೆ, ಅದರ ಮೇಲೆ ನೀವು ಎಲ್ಲಿಂದಲೋ ತಂದ ಢಂ ಢಂ ಸುರಿದಿದ್ದೀರಿ. ಕಣ್ಣಿಗೆ ಕತ್ತಲೆ, ಕಿವಿಗೆ ಮದುವೆ ಮನೆ. ಗೆಳೆಯರು ನಗದೆ ಇನ್ನೇನು ಮಾಡುತ್ತಾರೆ?

ನಾನು ಶಿರಸಿಯವನು. ಮದುವೆ, ಉಪನಯನದ ವಿಡಿಯೊ ಎಡಿಟ್ ಮಾಡಿ ಹೊಟ್ಟೆ ಹೊರೆಯುವವನು. ಆಷಾಢ ಬಂತೆಂದರೆ ಮದುವೆ ಇಲ್ಲ, ಹೊರಗೆ ಮಳೆ ಬಿಡಲ್ಲ, ಆಗ ಕೈ ಸುಮ್ಮನಿರದೆ ಈ ಟ್ರೈಲರ್ ಕೆಲಸಕ್ಕೆ ಕೂರುತ್ತೇನೆ. ದುಡ್ಡು ಬರದ ಕೆಲಸ, ಆದರೆ ಮದುವೆ ವಿಡಿಯೊದಲ್ಲಿ ಕಲಿಯದ್ದನ್ನು ಇಲ್ಲಿ ಕಲಿತೆ. ಹಾಗಾಗಿ ಮಾತು ಸ್ವಲ್ಪ ಉದ್ದ ಆಗುತ್ತದೆ, ಸಹಿಸಿಕೊಳ್ಳಿ.

ಸಾಫ್ಟ್‌ವೇರ್ ವಿಷಯ ಮೊದಲು ಮುಗಿಸಿಬಿಡೋಣ. ದುಡ್ಡು ಕೊಡಬೇಡಿ. 8 ಜಿಬಿ ಇರುವ ಯಂತ್ರಕ್ಕೆ ಕೆಡೆನ್‌ಲೈವ್ ಅಥವಾ ಶಾಟ್‌ಕಟ್ ಸಾಕು, ಎರಡೂ ಪುಕ್ಕಟೆ. ಡಾವಿಂಚಿ ರಿಸಾಲ್ವ್‌ನ ಪುಕ್ಕಟೆ ಆವೃತ್ತಿ ತುಂಬ ಚೆನ್ನಾಗಿದೆ, ಆದರೆ 16 ಜಿಬಿ ಇದ್ದರೆ ಮಾತ್ರ ಅದರ ಜೊತೆ ಸಂಸಾರ ಸುಖ. ಯಾವುದೇ ಇರಲಿ, ಪ್ರಾಕ್ಸಿ ಆನ್ ಮಾಡಿಕೊಳ್ಳಿ. ಅಂದರೆ ಕೆಲಸ ಮಾಡುವಾಗ ಸಣ್ಣ ನಕಲು ಓಡುತ್ತದೆ, ಕೊನೆಗೆ ರೆಂಡರ್ ಮಾಡುವಾಗ, ಅಂದರೆ ಪೂರ್ತಿ ವಿಡಿಯೊ ಹೊರತೆಗೆಯುವಾಗ, ದೊಡ್ಡ ಮೂಲ ಫೈಲ್ ಬಳಕೆಯಾಗುತ್ತದೆ. ನಿಮ್ಮದು ಸಿಕ್ಕಿಸಿಕ್ಕಿ ಓಡುತ್ತದೆ ಅಂತ ಬರೆದಿದ್ದಿರಲ್ಲ, ಅದಕ್ಕೆ ಮದ್ದು ಇದೇ. ಇಷ್ಟು ಸಾಕು ಈ ವಿಷಯ.

ಈಗ ನಿಜವಾದ ವಿಷಯಕ್ಕೆ ಬರೋಣ. 2005ರಲ್ಲಿ ನ್ಯೂಯಾರ್ಕಿನಲ್ಲಿ ಎಡಿಟರ್‌ಗಳ ಸಂಘವೊಂದು ಸ್ಪರ್ಧೆ ಇಟ್ಟಿತ್ತು: ಯಾವುದಾದರೂ ಸಿನಿಮಾ ತಗೊಂಡು ಅದನ್ನು ಬೇರೆಯೇ ಜಾತಿಯ ಸಿನಿಮಾ ಅನ್ನಿಸುವ ಹಾಗೆ ಟ್ರೈಲರ್ ಮಾಡಿ ಅಂತ. ಗೆದ್ದದ್ದು ರಾಬರ್ಟ್ ರಯಾಂಗ್ ಅನ್ನುವ ಸಹಾಯಕ ಎಡಿಟರ್. ನಿರ್ದೇಶಕ ಕುಬ್ರಿಕ್‌ನ 1980ರ 'ದಿ ಶೈನಿಂಗ್', ನೋಡಿದರೆ ರಾತ್ರಿ ನಿದ್ದೆ ಬರದಂಥ ಸಿನಿಮಾ, ಅದನ್ನು ಅಪ್ಪ-ಮಗನ ಪ್ರೀತಿಯ ಕಥೆ ಮಾಡಿಬಿಟ್ಟ. ಅವನು ಬಣ್ಣ ಬದಲಿಸಿ ಗೆಲ್ಲಲಿಲ್ಲ, ಎಫೆಕ್ಟ್ ಹಾಕಿಯೂ ಗೆಲ್ಲಲಿಲ್ಲ. ಒಬ್ಬ ನಿರೂಪಕನ ಬೆಚ್ಚಗಿನ ದನಿ, ಕೊನೆಗೆ ಪೀಟರ್ ಗೇಬ್ರಿಯಲ್‌ನ ಒಂದು ಉಲ್ಲಾಸದ ಹಾಡು, ಮತ್ತೆ ಆ ದನಿಗೆ ಹೊಂದುವ ಮುಖಗಳು. ಆಮೇಲೆ ಇಂಟರ್‌ನೆಟ್ ತುಂಬ ಇಂಥವೇ ಹುಟ್ಟಿಕೊಂಡವು. ಮರುವರ್ಷ ಮಕ್ಕಳ ಸಿನಿಮಾ 'ಮೇರಿ ಪಾಪಿನ್ಸ್' ಅನ್ನೇ ಒಬ್ಬರು ದೆವ್ವದ ಸಿನಿಮಾ ಮಾಡಿ ತೋರಿಸಿದರು.

ಇದು ಕೆಲಸ ಮಾಡುವುದು ಯಾಕೆ ಅಂದರೆ ಮುಖಕ್ಕೆ ತನ್ನದೇ ಅರ್ಥ ಕಡಿಮೆ. ನೂರು ವರ್ಷದ ಹಿಂದೆ ರಷ್ಯಾದಲ್ಲಿ ಲೆವ್ ಕುಲೆಶೋವ್ ಅನ್ನುವವನು ಒಬ್ಬ ನಟನ ಒಂದೇ ನಿರ್ಭಾವದ ಮುಖವನ್ನು ಒಮ್ಮೆ ಸೂಪಿನ ತಟ್ಟೆಯ ಜೊತೆ, ಒಮ್ಮೆ ಶವಪೆಟ್ಟಿಗೆಯ ಜೊತೆ, ಒಮ್ಮೆ ಒಬ್ಬ ಹೆಂಗಸಿನ ಜೊತೆ ಅಂಟಿಸಿದ. ನೋಡಿದವರಿಗೆ ಅದೇ ಮುಖದಲ್ಲಿ ಹಸಿವು ಕಂಡಿತು, ದುಃಖ ಕಂಡಿತು, ಆಸೆ ಕಂಡಿತು ಅನ್ನುತ್ತಾರೆ. ಎಡಿಟಿಂಗ್ ಪುಸ್ತಕಗಳಲ್ಲೆಲ್ಲ ಇದೇ ಉದಾಹರಣೆ. ಆದರೆ ನಮ್ಮ ಕಡೆಯವರಿಗೆ ಇದನ್ನು ಕಲಿಯಲು ರಷ್ಯಾದವರೇ ಬೇಕಿಲ್ಲ. ಯಕ್ಷಗಾನದಲ್ಲಿ ರಕ್ಕಸ ವೇಷದ ಒಡ್ಡೋಲಗ ನೋಡಿದ್ದೀರಲ್ಲ? ತೆರೆ ಹಿಡಿದಿರುತ್ತಾರೆ. ಹಿಂದಿನಿಂದ ಆರ್ಭಟ. ಚಂಡೆ ಏರುತ್ತಾ ಹೋಗುತ್ತದೆ. ತೆರೆಯ ಮೇಲೆ ಕಿರೀಟದ ತುದಿ ಅಷ್ಟೇ ಕಾಣುತ್ತದೆ. ಪೂರ್ತಿ ವೇಷ ಎದುರು ಬರುವಷ್ಟರಲ್ಲಿ ಮುಂದೆ ಚಾಪೆ ಹಾಸಿ ಕೂತ ಹುಡುಗರು ಅರ್ಧ ಹೆದರಿ ಆಗಿರುತ್ತದೆ. ಅವರನ್ನು ಹೆದರಿಸಿದ್ದು ವೇಷ ಅಲ್ಲ, ವೇಷ ಇನ್ನೂ ಬಂದೇ ಇಲ್ಲ. ಸದ್ದು ಮೊದಲು, ಚಿತ್ರ ಆಮೇಲೆ. ಎಡಿಟರ್‌ಗಳು ಇದನ್ನು ಜೆ-ಕಟ್ ಅನ್ನುತ್ತಾರೆ. ನಿಮ್ಮ ಟ್ರೈಲರ್‌ನಲ್ಲಿ ಒಂದೂ ಜೆ-ಕಟ್ ಇಲ್ಲ, ಪ್ರತಿ ಚಿತ್ರ ತನ್ನ ಸದ್ದನ್ನು ಬಗಲಲ್ಲಿ ಇಟ್ಟುಕೊಂಡೇ ಬರುತ್ತದೆ. 'ಅಂಟಿಸಿದ ಹಾಗೆ' ಅನ್ನಿಸುವುದು ಅದಕ್ಕೇ.

ಹತ್ತಿರದಿಂದ ಒಂದು ಉದಾಹರಣೆ ಕೊಡುತ್ತೇನೆ. ನಾನು ಒಂದು ಸಂಸಾರದ ಸಿನಿಮಾ ತಗೊಂಡಿದ್ದೆ, ಹೆಸರು ಬೇಡ. ಅದರಲ್ಲಿ ಅತ್ತೆ ಅಡುಗೆಮನೆ ಬಾಗಿಲಲ್ಲಿ ಸೌಟು ಹಿಡಿದು ನಿಂತು ಮಗನಿಗೆ "ಊಟ ಆಯ್ತಾ?" ಅಂತ ಕೇಳುತ್ತಾಳೆ, ಕೇಳಿ ನಗುತ್ತಾಳೆ. ಅಷ್ಟೇ ದೃಶ್ಯ. ಮೊದಲು ನಾನು ಮಾಡಿದ್ದು ಆ ನಗುವನ್ನು ತೆಗೆದದ್ದು. ಸಿನಿಮಾ ಸೆಕೆಂಡಿಗೆ 24 ಫ್ರೇಮ್, ಅಂದರೆ 24 ಬಿಡಿ ಚಿತ್ರ, ಓಡುತ್ತದೆ. ಅವಳ ತುಟಿಯ ಅಂಚು ಅಲುಗುವ 8 ಫ್ರೇಮ್ ಮುಂಚೆ ಕತ್ತರಿ ಹಾಕಿದೆ, ಅಂದರೆ ಸೆಕೆಂಡಿನ ಮೂರನೇ ಒಂದು ಭಾಗ. ಉಳಿದದ್ದು ನೆಟ್ಟ ನೋಟ, ಸೌಟು. ಆಮೇಲೆ ಮಗನ ಮುಖ ಹುಡುಕಿದೆ. ಅದೇ ಸಿನಿಮಾದಲ್ಲಿ ಇನ್ನೊಂದು ಕಡೆ ಅವನು ಕೆಟ್ಟ ಫ್ಯಾನನ್ನು ತಲೆ ಎತ್ತಿ ನೋಡುತ್ತಾನೆ, ಬಾಯಿ ಸ್ವಲ್ಪ ತೆರೆದಿದೆ. ಫ್ಯಾನ್ ತೋರಿಸದಿದ್ದರೆ ಅವನು ಏನನ್ನು ನೋಡುತ್ತಿದ್ದಾನೆ ಅಂತ ಯಾರಿಗೆ ಗೊತ್ತು?

ಜೋಡಿಸಿದ್ದು ಹೀಗೆ. ಕಪ್ಪು ಪರದೆ, ಹಂಚಿನ ಮೇಲೆ ಮಳೆಯ ಸದ್ದು. ಮನೆ ದೂರದಿಂದ. ಮಗನ ಮುಖ, ಮೇಲೆ ನೋಡುತ್ತಿದ್ದಾನೆ. ಅವನ ಮುಖ ಇರುವಾಗಲೇ ಅವಳ ದನಿ: "ಊಟ ಆಯ್ತಾ?" ಆಮೇಲೆ ಬಾಗಿಲಲ್ಲಿ ಅವಳು. ಅಲ್ಲಿ 12 ಫ್ರೇಮ್ ಎಲ್ಲ ಸದ್ದೂ ಬಂದ್, ಮಳೆ ಕೂಡ. ಅರ್ಧ ಸೆಕೆಂಡ್ ಅದು, ಆದರೆ ಕೂತು ನೋಡುವವನಿಗೆ ತುಂಬ ಉದ್ದ. ಆಮೇಲೆ ಪರದೆ ಕಪ್ಪಾಗಿ ಒಂದು ಸ್ಟೀಲ್ ತಟ್ಟೆ ನೆಲಕ್ಕೆ ಬಿದ್ದು ಗಿರಗಿರ ತಿರುಗಿ ನಿಲ್ಲುವ ಸದ್ದು. ಆ ತಟ್ಟೆ ನಮ್ಮ ಮನೆಯದ್ದು, ಅಡುಗೆಮನೆಯ ಕಡಪಾ ಕಲ್ಲಿನ ನೆಲದ ಮೇಲೆ ಹದಿನಾಲ್ಕು ಸಲ ಬೀಳಿಸಿ ಮೊಬೈಲಿನಲ್ಲಿ ರೆಕಾರ್ಡ್ ಮಾಡಿದ್ದು. ಹದಿನೈದನೇ ಸಲಕ್ಕೆ ಆಯಿ, ಅಂದರೆ ನಮ್ಮಮ್ಮ, ತಟ್ಟೆ ಕಸಿದುಕೊಂಡಳು. ಈ ಟ್ರೈಲರ್ ನೋಡಿದ ನನ್ನ ಭಾವನ ಮಗಳು ಎರಡು ದಿನ ನಮ್ಮನೆಯಲ್ಲಿ ಯಾರು ಊಟಕ್ಕೆ ಕರೆದರೂ ಬೆಚ್ಚುತ್ತಿದ್ದಳು. ಇದರಲ್ಲಿ ನೀಲಿ ಬಣ್ಣ ಹಾಕಿರಲಿಲ್ಲ ಅನ್ನುವುದನ್ನು ಗಮನಿಸಿ. ಸ್ವಲ್ಪ ಬಣ್ಣ ಇಳಿಸಿದ್ದೆ, ಅಷ್ಟೇ.

ಹಾಗಾದರೆ ಎಲ್ಲಿಂದ ಶುರು ಮಾಡಬೇಕು? ಟೈಮ್‌ಲೈನ್ (ತುಣುಕು ಜೋಡಿಸುವ ಪಟ್ಟಿ) ತೆರೆಯುವ ಮೊದಲು ಕಾಗದದಲ್ಲಿ ಒಂದೇ ವಾಕ್ಯ ಬರೆಯಿರಿ. 'ಈ ಸಿನಿಮಾ ದೆವ್ವದ್ದು' ಅನ್ನುವುದು ಸಾಲದು. 'ಈ ಮನೆಯಲ್ಲಿ ಯಾರು ಊಟ ಮಾಡುತ್ತಾರೋ ಅವರು ಹೊರಗೆ ಹೋಗುವುದಿಲ್ಲ' ಅನ್ನುವುದು ವಾಕ್ಯ. ಆಗ ಊಟ, ತಟ್ಟೆ, ಬಾಗಿಲು, ಚಿಲಕ ಎಲ್ಲ ತಾನಾಗಿಯೇ ಬೇಕಾಗುತ್ತವೆ, ಉಳಿದದ್ದು ತಾನಾಗಿಯೇ ಬೇಡವಾಗುತ್ತದೆ. ನಿಮ್ಮದರಲ್ಲಿ ಓಡುವುದೂ ಇದೆ, ಅಳುವುದೂ ಇದೆ, ಮಿಂಚೂ ಇದೆ, ಬೆಕ್ಕೂ ಇದೆ. ಬೆಕ್ಕು ಯಾಕೆ?

ಆಮೇಲೆ ಆ ಸಿನಿಮಾವನ್ನು ಎರಡು ಸಲ ನೋಡಿ. ಒಂದು ಸಲ ಮ್ಯೂಟ್ ಮಾಡಿ. ಮಾತಾಡದ ಮುಖ, ತಿರುಗುವ ತಲೆ, ಬಾಗಿಲು, ಕೈ, ಖಾಲಿ ಕೋಣೆ, ಮೆಟ್ಟಿಲು, ಇವುಗಳ ಸಮಯ ನೋಟ್‌ಬುಕ್‌ನಲ್ಲಿ ಬರೆದುಕೊಳ್ಳಿ. ಮಾತಾಡುವ ಮುಖಕ್ಕೆ ಬೆಲೆ ಕಡಿಮೆ, ಅದರ ಬಾಯಿಗೆ ಆ ಮಾತು ಅಂಟಿಕೊಂಡಿರುತ್ತದೆ. ಸುಮ್ಮನಿರುವ ಮುಖಕ್ಕೆ ಯಾವ ಮಾತನ್ನಾದರೂ ಕೊಡಬಹುದು. ಇನ್ನೊಂದು ಸಲ ಪರದೆ ಆರಿಸಿ ಬರೀ ಕೇಳಿ, ಹಿಂದೆ ಸಂಗೀತ ಇಲ್ಲದ ಮಾತುಗಳನ್ನು ಮಾತ್ರ ಗುರುತು ಹಾಕಿ. 'ಬಾಗಿಲು ಹಾಕು', 'ಯಾರಿಗೂ ಹೇಳಬೇಡ', 'ಅವನು ಇನ್ನೂ ಬಂದಿಲ್ಲ', ಇಂಥ ಸಾದಾ ಮಾತು ಎಲ್ಲ ಸಂಸಾರದ ಸಿನಿಮಾದಲ್ಲೂ ಇರುತ್ತವೆ. ನಮ್ಮ ಮನೆಯವರು ದಿನಾ ಆಡುವ ಮಾತನ್ನು ಕತ್ತಲಲ್ಲಿ ಒಂದೇ ಒಂದು ಕೇಳಿ ನೋಡಿ, ಗೊತ್ತಾಗುತ್ತದೆ.

ತುಣುಕುಗಳನ್ನು ನಾನು ಅಡಿಕೆ ಆರಿಸಿದ ಹಾಗೆ ಆರಿಸುತ್ತೇನೆ. ನನ್ನ ಫೋಲ್ಡರ್‌ಗಳ ಹೆಸರೇ ಚಾಲಿ, ಬಿಳಿಗೋಟು, ಕೋಕ. ಅಡಿಕೆಯ ದರ್ಜೆಗಳಿವು, ಮೂರರಲ್ಲಿ ಚಾಲಿ ಮೇಲಿನದು. ಚಾಲಿಯಲ್ಲಿ ಇಪ್ಪತ್ತು ತುಣುಕಿಗಿಂತ ಜಾಸ್ತಿ ಇಡುವುದಿಲ್ಲ ಅಂತ ಹಟ. ಎರಡೂವರೆ ಗಂಟೆಯ ಸಿನಿಮಾದಲ್ಲಿ ಇಪ್ಪತ್ತು ಅಂದರೆ ಕಡಿಮೆ ಅನ್ನಿಸಬಹುದು. ಆದರೆ ನೀವು ಮಾಡಬೇಕಾದ್ದು ಎಪ್ಪತ್ತು ಸೆಕೆಂಡಿನದ್ದು. ಚಿತ್ರಮಂದಿರದ ನಿಜವಾದ ಟ್ರೈಲರ್ ಕೂಡ ಸಾಮಾನ್ಯವಾಗಿ ಎರಡೂವರೆ-ಮೂರು ನಿಮಿಷ ದಾಟುವುದಿಲ್ಲ, ನಿಮ್ಮದು 3 ನಿಮಿಷ 40 ಸೆಕೆಂಡ್ ಇದೆ. ಅಷ್ಟು ಹೊತ್ತು ಯಾರೂ ಹೆದರಿಕೊಂಡು ಕೂರುವುದಿಲ್ಲ.

ಸದ್ದಿನ ಕೈಕೆಲಸ ಸ್ವಲ್ಪ ಹೇಳಬೇಕು, ಯಾಕೆಂದರೆ ಎಲ್ಲರೂ ಎಡವುವುದು ಇಲ್ಲೇ. ಮಾತಿನ ಹಿಂದೆ ಸಂಗೀತ ಸೇರಿಕೊಂಡಿದ್ದರೆ ಬಿಡಿಸುವುದು ಕಷ್ಟ. ನಿಮ್ಮ ಬಳಿ ಇರುವ ಫೈಲ್ 5.1 ಸದ್ದಿನದ್ದಾದರೆ ನಿಮ್ಮ ಪುಣ್ಯ. ಅದರಲ್ಲಿ ಆರು ಚಾನೆಲ್ ಇರುತ್ತವೆ, ನಡುವಿನ ಸೆಂಟರ್ ಚಾನೆಲ್‌ನಲ್ಲಿ ಹೆಚ್ಚಾಗಿ ಮಾತು ಮಾತ್ರ ಇರುತ್ತದೆ. ಉಳಿದ ಐದನ್ನೂ ಮ್ಯೂಟ್ ಮಾಡಿದರೆ ಅರ್ಧ ಕೆಲಸ ಆಯಿತು. ಹಳೆ ಸಿನಿಮಾ ಆದರೆ ಈ ಭಾಗ್ಯ ಇಲ್ಲ, ಎಲ್ಲ ಒಂದೇ ಪಾತ್ರೆಯ ಸಾರು. ಆಗ ಅಲ್ಟಿಮೇಟ್ ವೋಕಲ್ ರಿಮೂವರ್ ಅಂತ ಪುಕ್ಕಟೆ ಸಾಫ್ಟ್‌ವೇರ್ ಇದೆ, ದನಿಯನ್ನೂ ಸಂಗೀತವನ್ನೂ ಬೇರೆ ಮಾಡಿಕೊಡುತ್ತದೆ. ಬೇರೆಯಾದ ದನಿ ಸ್ವಲ್ಪ ನೀರೊಳಗಿಂದ ಬಂದ ಹಾಗೆ ಕೇಳುತ್ತದೆ. ಅದರ ಮೇಲೆ ಮಳೆ ಸದ್ದು ಹೊದಿಸಿ. ಕಂಬಳಿಕೊಪ್ಪೆ ಹಾಕಿದ ಹಾಗೆ, ಒಳಗಿರುವ ಹರಕು ಯಾರಿಗೂ ಕಾಣಲ್ಲ.

ಮಳೆ ಸದ್ದನ್ನು ಇಂಟರ್‌ನೆಟ್ಟಿನಿಂದ ತರಬೇಡಿ ದಯವಿಟ್ಟು. ಕುಮಟಾದಲ್ಲಿ ಕೂತು ಯಾವುದೋ ದೇಶದ ಮಳೆ ಡೌನ್‌ಲೋಡ್ ಮಾಡುವುದು ಅಂದರೆ ಏನು? ನಿಮ್ಮ ಮೊಬೈಲ್ ಸಾಕು. ಹಂಚಿನ ಮೇಲಿನ ಮಳೆ ಬೇರೆ, ತಗಡಿನ ಮೇಲಿನದ್ದು ಬೇರೆ, ಅಡಿಕೆ ಸೋಗೆಯ ಮೇಲಿನದ್ದು ಇನ್ನೂ ಬೇರೆ. ರಾತ್ರಿಯ ಜೀರುಂಡೆ, ಬಾವಿಯ ಗಡಗಡೆ, ಹಳೆ ಬಾಗಿಲಿನ ಕಿರ್ರ್. ನಾನೊಮ್ಮೆ ಕಾರವಾರದ ಬೈತಖೋಲ ಬಂದರಿನಲ್ಲಿ ಬೆಳಗಿನ ಜಾವ ಬೋಟುಗಳು ಇಂಜಿನ್ ಹಚ್ಚುವ ಸದ್ದು ತಂದಿದ್ದೆ. ಅದನ್ನು ನಾಲ್ಕು ಪಟ್ಟು ನಿಧಾನ ಮಾಡಿದರೆ ಹಾಲಿವುಡ್ ಟ್ರೈಲರ್‌ನಲ್ಲಿ ಬರುತ್ತದಲ್ಲ, ಎದೆ ನಡುಗಿಸುವ 'ಬ್ರಾಂ', ಸುಮಾರು ಅದೇ ಸಿಗುತ್ತದೆ. ಚಂಡೆ ಬಾರಿಸುವ ಗೆಳೆಯ ಇದ್ದರೆ ಹತ್ತು ನಿಮಿಷ ಕೂರಿಸಿ ಬಿಡಿಬಿಡಿ ಪೆಟ್ಟು ರೆಕಾರ್ಡ್ ಮಾಡಿಕೊಳ್ಳಿ. ಮೊಬೈಲನ್ನು ಚಂಡೆಯ ಹತ್ತಿರ ಇಡಬೇಡಿ, ಸದ್ದು ಒಡೆದುಹೋಗುತ್ತದೆ, ಪಕ್ಕದ ಕೋಣೆಯಲ್ಲಿಡಿ.

ಕೊನೆಗೆ ಇಡೀ ಸದ್ದಿನ ಮಟ್ಟ ಮೈನಸ್ 14 ಎಲ್‌ಯುಎಫ್‌ಎಸ್ ಆಸುಪಾಸು ಇರಲಿ, ಅದು ಕಿವಿಗೆ ಕೇಳುವ ಜೋರಿನ ಅಳತೆ. ಅದಕ್ಕಿಂತ ಜೋರಿದ್ದರೆ ಯೂಟ್ಯೂಬ್ ತಾನೇ ತಗ್ಗಿಸುತ್ತದೆ. ನೀವು ಎಲ್ಲವನ್ನೂ ಜೋರು ಮಾಡಿಟ್ಟರೆ ತಟ್ಟೆ ಬೀಳುವಾಗ ಜೋರು ಮಾಡಲು ಜಾಗವೇ ಉಳಿದಿರುವುದಿಲ್ಲ.

ಇನ್ನು ಎರಡನೇ ವಿಡಿಯೊ, ಇಬ್ಬರು ನಾಯಕರ ಮುಖಾಮುಖಿ. ಐಡಿಯಾ ಚೆನ್ನಾಗಿದೆ. ಆದರೆ ಇಬ್ಬರೂ ಬಲಕ್ಕೇ ನೋಡುತ್ತಿದ್ದಾರೆ! ಒಬ್ಬರಿಗೊಬ್ಬರು ಮಾತಾಡುತ್ತಿಲ್ಲ, ಇಬ್ಬರೂ ಒಂದೇ ಬಸ್ಸಿಗೆ ಕಾಯುತ್ತಿರುವ ಹಾಗಿದೆ. ಒಬ್ಬ ಬಲಕ್ಕೆ ನೋಡಿದರೆ ಇನ್ನೊಬ್ಬ ಎಡಕ್ಕೆ ನೋಡಬೇಕು. ಒಬ್ಬ ಸ್ವಲ್ಪ ಮೇಲೆ ನೋಡಿದರೆ ಇನ್ನೊಬ್ಬ ಸ್ವಲ್ಪ ಕೆಳಗೆ. ನೋಟ ಕೂಡಿದರೆ ನಡುವೆ ಮೂವತ್ತು ವರ್ಷದ ಅಂತರ ಇದ್ದರೂ ನೋಡುವವರು ನಂಬುತ್ತಾರೆ, ನೋಟ ತಪ್ಪಿದರೆ ಬಣ್ಣ ಎಷ್ಟು ಹೊಂದಿಸಿದರೂ ಇಲ್ಲ.

ಸರಿಯಾದ ನೋಟ ಸಿಗದಿದ್ದರೆ ಚಿತ್ರವನ್ನು ಅಡ್ಡಕ್ಕೆ ಮಗುಚಬಹುದು, ಒಂದೇ ಬಟನ್. ಆದರೆ ಹುಷಾರು. ಹಿಂದಿನ ಅಂಗಡಿಯ ಬೋರ್ಡು, ಗಾಡಿಯ ನಂಬರು, ಗೋಡೆಯ ಕ್ಯಾಲೆಂಡರ್ ಎಲ್ಲ ಉಲ್ಟಾ ಆಗುತ್ತವೆ. ಅವನ್ನೆಲ್ಲ ನೋಡಿಕೊಂಡು ಒಂದು ಸಲ ಹೆಮ್ಮೆಯಿಂದ ಮನೆಯವರಿಗೆ ತೋರಿಸಿದೆ. ಆಯಿ ಐದು ಸೆಕೆಂಡಿನಲ್ಲಿ ಹಿಡಿದಳು: "ಅದೆಂತದಾ, ಅವಳ ಸೆರಗು ಬಲಗಡೆ ಹೋತಲಾ!" ಹದಿನಾಲ್ಕು ವರ್ಷ ಮದುವೆ ಹೆಣ್ಣುಗಳ ಸೆರಗನ್ನೇ ಎಡಿಟ್ ಮಾಡಿದ ನನಗೆ ಅದು ಕಂಡಿರಲಿಲ್ಲ. ಅಂದಿನಿಂದ ಮಗುಚಿದ ಪ್ರತಿ ಶಾಟ್‌ನಲ್ಲೂ ಸೆರಗು, ಅಂಗಿಯ ಗುಂಡಿ, ಕೈಗಡಿಯಾರ ನೋಡುತ್ತೇನೆ.

ಮೈಬಣ್ಣ, ಗಾತ್ರ ಹೊಂದಿಸುವುದು ಆಮೇಲಿನ ಮಾತು. ಹಳೆಯ ಈಸ್ಟ್‌ಮನ್ ಕಲರ್ ಪ್ರಿಂಟುಗಳಲ್ಲಿ ಸಯಾನ್, ಅಂದರೆ ಹಸಿರು ಬೆರೆತ ನೀಲಿಯಂಶ, ಮೊದಲು ಮಾಸುತ್ತದೆ, ಅದಕ್ಕೇ ಎಲ್ಲ ಕೆಂಪಗೆ ಕಾಣುತ್ತದೆ. ಅದನ್ನು ಹೊಸದರ ಹಾಗೆ ಮಾಡಲು ಒದ್ದಾಡುವುದಕ್ಕಿಂತ ಹೊಸದನ್ನೇ ಸ್ವಲ್ಪ ಮಾಸಿಸಿ, ಎರಡರ ಮೇಲೂ ಒಂದೇ ಗ್ರೇನ್ (ಫಿಲ್ಮಿನ ಕಾಳುಕಾಳು ನೋಟ) ಹಾಕಿ. ಹಳೆ ಕಪ್ಪುಬಿಳುಪು ಸಿನಿಮಾ ಹೆಚ್ಚುಕಡಿಮೆ ಚೌಕ, ಈಗಿನ ಸ್ಕೋಪ್ ಸಿನಿಮಾ ಉದ್ದನೆಯ ಪಟ್ಟಿ. ಎರಡನ್ನೂ ಒಂದೇ ಅಳತೆಗೆ ಕ್ರಾಪ್ ಮಾಡಿ, ಕಪ್ಪು ಪಟ್ಟಿ ಹಿಗ್ಗುವುದು ಕುಗ್ಗುವುದು ಬೇಡ. ನಿಮ್ಮದರಲ್ಲಿ ಚಲನೆ ಅಲ್ಲಲ್ಲಿ ಎಡವುತ್ತಿದೆಯಲ್ಲ, ಅದು ಸ್ಕ್ರೀನ್ ರೆಕಾರ್ಡ್ ಮಾಡಿದ ತುಣುಕು ಅನ್ನಿಸುತ್ತದೆ. ಅಂಥ ಫೈಲಿನಲ್ಲಿ ಫ್ರೇಮ್‌ಗಳ ವೇಗ ಒಂದೇ ಸಮ ಇರುವುದಿಲ್ಲ. ಹ್ಯಾಂಡ್‌ಬ್ರೇಕ್ ಅನ್ನುವ ಪುಕ್ಕಟೆ ಸಾಫ್ಟ್‌ವೇರ್‌ನಲ್ಲಿ ಫ್ರೇಮ್ ರೇಟ್ ಸ್ಥಿರ ಮಾಡಿಕೊಂಡು ಆಮೇಲೆ ಟೈಮ್‌ಲೈನ್‌ಗೆ ತನ್ನಿ.

ನಡುನಡುವೆ ಬರುವ ಅಕ್ಷರದ ಕಾರ್ಡುಗಳಲ್ಲಿ ನಿಮ್ಮ ಒತ್ತಕ್ಷರಗಳು ಚೆಲ್ಲಾಪಿಲ್ಲಿ ಆಗಿವೆ. 'ಕತ್ತಲೆ' ಅನ್ನುವುದು 'ಕತ್‌ತಲೆ' ಆಗಿದೆ. ಎಡಿಟಿಂಗ್ ಸಾಫ್ಟ್‌ವೇರ್‌ಗಳಲ್ಲಿ ಕನ್ನಡಕ್ಕೆ ಈ ಗ್ರಹಚಾರ ಇದ್ದದ್ದೇ. ಸೆಟ್ಟಿಂಗ್ ಹುಡುಕುತ್ತಾ ಕೂರಬೇಡಿ, ಇಂಕ್‌ಸ್ಕೇಪ್‌ನಲ್ಲಿ ಬರೆದು ಹಿನ್ನೆಲೆ ಇಲ್ಲದ ಪಿಎನ್‌ಜಿ ಚಿತ್ರ ಮಾಡಿ ತಂದು ಹಾಕಿ. ನೋಟೊ ಸಾನ್ಸ್ ಕನ್ನಡ, ಬಾಲೂ ತಮ್ಮ, ಎರಡೂ ಪುಕ್ಕಟೆ ಸಿಗುವ ಒಳ್ಳೆ ಅಕ್ಷರಗಳು. ದೆವ್ವದ ಸಿನಿಮಾ ಅಂತ ರಕ್ತ ಸೋರುವ ಅಕ್ಷರ ಮಾತ್ರ ಬೇಡ.

ಈಗ ಕಾಪಿರೈಟ್. ನಾನು ವಕೀಲ ಅಲ್ಲ, ಅನುಭವದ ಮಾತು ಹೇಳುತ್ತೇನೆ. ನಿಮಗೆ ಬಂದದ್ದು ಕ್ಲೇಮ್, ಸ್ಟ್ರೈಕ್ ಅಲ್ಲ. ಕ್ಲೇಮ್ ಅಂದರೆ ಯೂಟ್ಯೂಬಿನ ಯಂತ್ರ ಹಾಡನ್ನೋ ದೃಶ್ಯವನ್ನೋ ಗುರುತು ಹಿಡಿದು ಹಕ್ಕುದಾರರಿಗೆ ತಿಳಿಸಿದೆ ಅಂತ. ಅವರು ಜಾಹೀರಾತಿನ ದುಡ್ಡು ತಗೊಳ್ಳಬಹುದು, ವಿಡಿಯೊ ತಡೆಯಬಹುದು ಅಥವಾ ಸುಮ್ನೆ ಲೆಕ್ಕ ಇಟ್ಟುಕೊಳ್ಳಬಹುದು. ಸ್ಟ್ರೈಕ್ ಬೇರೆ. ಅದು ಹಕ್ಕುದಾರರು ವಿಡಿಯೊ ತೆಗೆಸಿದಾಗ ಬರುವುದು, 90 ದಿನದಲ್ಲಿ ಮೂರು ಬಂದರೆ ಚಾನೆಲ್ಲೇ ಹೋಗಬಹುದು. ವಿವರಣೆಯಲ್ಲಿ 'ಎಲ್ಲ ಹಕ್ಕು ಮೂಲ ನಿರ್ಮಾಪಕರದು' ಅಂತ ಬರೆದರೆ ಬಚಾವ್ ಅಂತ ತುಂಬ ಜನ ಅಂದುಕೊಂಡಿದ್ದಾರೆ. ಅದರಿಂದ ಮೂರು ಕಾಸಿನ ಉಪಯೋಗ ಇಲ್ಲ.

ನಮ್ಮ ಕಾಪಿರೈಟ್ ಕಾಯ್ದೆ 1957ರದ್ದು. ಅದರ 52ನೇ ಸೆಕ್ಷನ್ ಸ್ವಂತ ಬಳಕೆಗೆ, ವಿಮರ್ಶೆಗೆ, ಸುದ್ದಿಗೆ ಒಂದಿಷ್ಟು ಅವಕಾಶ ಕೊಡುತ್ತದೆ. ಅಣಕು, ಮ್ಯಾಶಪ್ (ಬೇರೆ ಬೇರೆ ತುಣುಕು ಬೆರೆಸುವುದು) ಅಂತ ಅದರಲ್ಲಿ ಹೆಸರು ಹಿಡಿದು ಬರೆದಿಲ್ಲ. ಮನೆಯಲ್ಲಿ ಅಭ್ಯಾಸಕ್ಕೆ ಮಾಡಿಟ್ಟುಕೊಳ್ಳುವುದು ಬೇರೆ, ಊರಿಗೆಲ್ಲ ಹಂಚುವುದು ಬೇರೆ. ಇನ್ನೊಂದು, ಓಟಿಟಿ ಆ್ಯಪ್ ಅಥವಾ ಡಿಸ್ಕ್‌ನ ಬೀಗ ಮುರಿದು ಸಿನಿಮಾ ತೆಗೆಯುವುದು 2012ರ ತಿದ್ದುಪಡಿಯಲ್ಲಿ ಬಂದ 65ಎ ಸೆಕ್ಷನ್‌ಗೆ ಸಿಕ್ಕಿಬೀಳಬಹುದು, ಎರಡು ವರ್ಷದವರೆಗೆ ಜೈಲು ಇದೆ. ಹವ್ಯಾಸಕ್ಕೆ ಅಷ್ಟು ದೂರ ಹೋಗಬೇಡಿ. ದುಡ್ಡು ಮಾಡಲೂ ಹೋಗಬೇಡಿ. ಹೆಸರಿನಲ್ಲೇ 'ಅಭಿಮಾನಿ ಮಾಡಿದ ಟ್ರೈಲರ್' ಅಂತ ಹಾಕಿ. ಬರದ ಸಿನಿಮಾ ಬರುತ್ತದೆ ಅಂತ ಜನರನ್ನು ನಂಬಿಸಿದ ಸುಳ್ಳು ಟ್ರೈಲರ್ ಚಾನೆಲ್‌ಗಳ ಆದಾಯವನ್ನು ಯೂಟ್ಯೂಬ್ 2025ರಲ್ಲಿ ನಿಲ್ಲಿಸಿದ್ದು ನೆನಪಿರಲಿ. ಎಐ ಬಳಸಿ ನಟರ ದನಿ ನಕಲು ಮಾಡುವ ಆಸೆಯೂ ಬೇಡ. ಇರುವ ಮಾತಿಗೆ ಬೇರೆ ಅರ್ಥ ಬರಿಸುವುದೇ ಈ ಆಟದ ಮಜಾ, ಇಲ್ಲದ ಮಾತು ಹುಟ್ಟಿಸಿದರೆ ಆಟ ಎಲ್ಲಿ ಉಳಿಯಿತು?

ತಂಟೆ ಇಲ್ಲದ ಸರಕು ಬೇಕಾದರೆ ಹಳೆಯದಕ್ಕೆ ಹೋಗಿ. ನಮ್ಮಲ್ಲಿ ಸಿನಿಮಾದ ಹಕ್ಕು ಬಿಡುಗಡೆಯಾದ ಮರುವರ್ಷದಿಂದ 60 ವರ್ಷ. 1960ರ 'ರಣಧೀರ ಕಂಠೀರವ'ದ ಲೆಕ್ಕ ಹಾಕಿದರೆ 2020ರ ಕೊನೆಗೆ ಅವಧಿ ಮುಗಿಯಿತು. ಹಾಡಿನ ಸಾಹಿತ್ಯಕ್ಕೆ ಲೆಕ್ಕ ಬೇರೆ, ಬರೆದವರು ತೀರಿಕೊಂಡ ಮೇಲೆ 60 ವರ್ಷ, ಹಾಗಾಗಿ ಹಾಡು ಬಿಟ್ಟು ದೃಶ್ಯ ಮಾತ್ರ ತಗೊಳ್ಳಿ. ಆದರೂ ಯಂತ್ರ ಕೆಲವೊಮ್ಮೆ ಕ್ಲೇಮ್ ಹಾಕುತ್ತದೆ. ಆಗ ಡಿಸ್‌ಪ್ಯೂಟ್ ಮಾಡಬಹುದು, ಎದುರಿನವರಿಗೆ ಉತ್ತರಿಸಲು 30 ದಿನ ಇರುತ್ತದೆ.

ಇದಕ್ಕಿಂತ ಒಳ್ಳೆ ಸರಕು ನಿಮ್ಮ ಮನೆಯಲ್ಲೇ ಇದೆ: ಯಾರದಾದರೂ ಮದುವೆ ವಿಡಿಯೊ. ನಗಬೇಡಿ. ನನ್ನ ದೊಡ್ಡಪ್ಪನ ಮಗಳ ಮದುವೆಯನ್ನು, ಅವಳ ಒಪ್ಪಿಗೆ ಕೇಳಿಯೇ, ಬ್ಯಾಂಕ್ ದರೋಡೆಯ ಸಿನಿಮಾ ಮಾಡಿದ್ದೆ. ಮೂಲೆಯಲ್ಲಿ ಕೂತು ಮುಯ್ಯಿ ಕವರ್ ಎಣಿಸುವ ಚಿಕ್ಕಪ್ಪ. ಪದೇ ಪದೇ ಗಡಿಯಾರ ನೋಡುವ ಭಟ್ಟರು. ಹೋಮದ ಹೊಗೆ. ಅಂತಃಪಟ ಹಿಡಿದ ಇಬ್ಬರು ಒಬ್ಬರನ್ನೊಬ್ಬರು ನೋಡುವುದು. ಯಾರೋ ಹಿಂದಿನಿಂದ "ಮುಹೂರ್ತ ಮೀರ್ತು" ಅನ್ನುವುದು. ಪಟ ಕೆಳಗೆ ಬೀಳುತ್ತಲೇ ಎಲ್ಲರೂ ಒಮ್ಮೆಲೇ ಏನನ್ನೋ ಎಸೆಯುತ್ತಾರೆ, ಅಲ್ಲಿ ಕಟ್. ಅಕ್ಷತೆ ಅದು, ಆದರೆ ಯಾರಿಗೆ ಗೊತ್ತಾಗಬೇಕು? ಮದುವೆ ಆಲ್ಬಮ್‌ಗಿಂತ ಜಾಸ್ತಿ ಸಲ ಆ ಮನೆಯವರು ಅದನ್ನೇ ನೋಡಿದ್ದಾರೆ. ಅದಕ್ಕೆ ಯಾರ ಕ್ಲೇಮೂ ಬರಲಿಲ್ಲ. ಬೇಕಾದ ಶಾಟ್ ಇಲ್ಲದಿದ್ದರೆ ನೀವೇ ತೆಗೆಯಬಹುದು, ಕುಮಟಾದಿಂದ ಮಿರ್ಜಾನ್ ಕೋಟೆ ಎಷ್ಟು ದೂರ? ಕಾರವಾರದ ಕಡೆ ಹೋದರೆ ನೌಕಾನೆಲೆಯ ಹತ್ತಿರ ಡ್ರೋನ್, ಕ್ಯಾಮೆರಾ ತೆಗೆಯಬೇಡಿ, ಅಷ್ಟೇ.

ಒಂದು ನೋವಿನ ಕಥೆ ಹೇಳದಿದ್ದರೆ ತಪ್ಪಾಗುತ್ತದೆ. ಒಂದು ಮಳೆಗಾಲ ನಾಲ್ಕು ತಿಂಗಳ ಕೆಲಸ ಇದ್ದ ಹಾರ್ಡ್ ಡಿಸ್ಕ್, ಕರೆಂಟ್ ಹೋಗಿ ಬಂದು ಹೋಗಿ ಬಂದು, ಟಕ್ ಟಕ್ ಅನ್ನಲು ಶುರುಮಾಡಿತು. ರಿಪೇರಿ ಅಂಗಡಿಗೆ ಕೊಟ್ಟೆ. ಅವರು ಡಿಸ್ಕ್ ಸರಿಮಾಡಿ ಕೊಟ್ಟರು, ಫಾರ್ಮ್ಯಾಟ್ ಮಾಡಿ! ಒಳಗಿದ್ದದ್ದೆಲ್ಲ ಸಮುದ್ರಕ್ಕೆ. ಈಗ ದಿನಾ ರಾತ್ರಿ ಪ್ರಾಜೆಕ್ಟ್ ಫೈಲನ್ನು ನನಗೇ ಇಮೇಲ್ ಮಾಡಿಕೊಳ್ಳುತ್ತೇನೆ. ಕೆಡೆನ್‌ಲೈವ್ ಫೈಲ್ ಬರೀ ಅಕ್ಷರ, ತುಂಬ ಸಣ್ಣದು. ದೃಶ್ಯಗಳು ಮತ್ತೆ ಸಿಗುತ್ತವೆ, ಎಲ್ಲಿ ಕತ್ತರಿಸಿದ್ದೆ ಅನ್ನುವುದು ಮತ್ತೆ ಸಿಗಲ್ಲ.

ಕೊನೆಯದಾಗಿ ನಿಮ್ಮ ವಿಡಿಯೊಗೇ ಬರುತ್ತೇನೆ. 1 ನಿಮಿಷ 12ನೇ ಸೆಕೆಂಡಿನಲ್ಲಿ ಅಜ್ಜಿ ಜಗುಲಿಯಲ್ಲಿ ಕೂತಿದ್ದಾಳೆ, ಹಿಂದೆ ಗೋಡೆ ಗಡಿಯಾರ ಇದೆ, ಹತ್ತು ಗಂಟೆ ಹತ್ತು ನಿಮಿಷ. ಮುಂದೆ ಮಗ ಆಫೀಸಿಗೆ ಹೊರಡುವಾಗಲೂ ಹತ್ತು ಹತ್ತು. ರಾತ್ರಿ ಸೊಸೆ ದೀಪ ಆರಿಸುವಾಗಲೂ ಹತ್ತು ಹತ್ತು. ಸೆಟ್ಟಿನವರು ಗಡಿಯಾರಕ್ಕೆ ಬ್ಯಾಟರಿ ಹಾಕಿರಲಿಲ್ಲ ಅಷ್ಟೇ. ಆದರೆ ನೀವು ಅದನ್ನು ಮೂರು ಸಲ ತೋರಿಸಿದ್ದೀರಿ, ಮೂರು ಸಲವೂ ಮುಂದಿನ ಶಾಟ್‌ಗೆ ಓಡಿಬಿಟ್ಟಿದ್ದೀರಿ. ಉಳಿದದ್ದೆಲ್ಲ ಅಳಿಸಿ. ಆ ಮೂರು ಶಾಟ್ ಇಟ್ಟುಕೊಳ್ಳಿ, ಸಂಗೀತ ಬೇಡ, ನಿಮ್ಮ ಮನೆಯ ಗಡಿಯಾರದ ಟಿಕ್ ಟಿಕ್ ರೆಕಾರ್ಡ್ ಮಾಡಿ ಕೆಳಗೆ ಹಾಕಿ, ಮೂರನೇ ಸಲ ಗಡಿಯಾರ ಕಂಡಾಗ ಆ ಟಿಕ್ ಟಿಕ್ ನಿಲ್ಲಿಸಿ. ಮಾಡಿ ಕಳಿಸಿ, ನೋಡುತ್ತೇನೆ. ಬೆಕ್ಕು ಬೇಡ.